ಔಷಧದ ಬೆಲೆಯ ಹಿಂದಿನ ಕಾನೂನು

ಔಷಧದಂಗಡಿಯ ಬಿಲ್ಲನ್ನು ನೋಡಿ ಗೊಣಗದ ಗೃಹಸ್ಥರು ನಮ್ಮಲ್ಲಿ ವಿರಳ. ಆದರೆ ಆ ಬೆಲೆಯ ಹಿಂದೆ ಕಾನೂನಿನ ಒಂದು ಚರಿತ್ರೆಯೇ ಇದೆಯೆಂಬುದನ್ನು ನಾವು ನೆನೆಯುವುದು ಕಡಿಮೆ.

ಬ್ರಿಟಿಷರು 1911ರಲ್ಲಿ ತಂದ ಪೇಟೆಂಟ್ ಕಾಯಿದೆ ಸ್ವಾತಂತ್ರ್ಯಾನಂತರವೂ ಜಾರಿಯಲ್ಲಿತ್ತು. ಔಷಧಗಳ ಹಕ್ಕು ಬಹುಮಟ್ಟಿಗೆ ವಿದೇಶೀ ಕಂಪನಿಗಳದು. ಅವು ಹೇಳಿದ್ದೇ ಬೆಲೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರ 1959ರ ವರದಿಯ ತಳಹದಿಯ ಮೇಲೆ 1970ರ ಕಾಯಿದೆ ರೂಪುಗೊಂಡು, 1972ರಲ್ಲಿ ಜಾರಿಗೆ ಬಂದಿತು. ಪೇಟೆಂಟ್ ಔಷಧಕ್ಕಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಎಂಬುದೇ ಅದರ ತಿರುಳು. ಬೇರೆ ವಿಧಾನ ಕಂಡುಕೊಂಡವರು ಅದೇ ಔಷಧವನ್ನು ಮಾಡಿ ಮಾರಬಹುದಾಯಿತು. ಮುಂಬಯಿ, ಹೈದರಾಬಾದುಗಳ ಔಷಧ ಕಾರ್ಖಾನೆಗಳು ಬೆಳೆದುದು ಈ ಕಾಯಿದೆಯ ಆಸರೆಯಲ್ಲಿ. ವರ್ಷಕ್ಕೆ 10,000 ಡಾಲರಿಗೂ ಮೇಲ್ಪಟ್ಟು ತಗಲುತ್ತಿದ್ದ ಏಡ್ಸ್ ಔಷಧಗಳನ್ನು 2001ರಲ್ಲಿ ಮುಂಬಯಿಯ ಸಿಪ್ಲಾ 350 ಡಾಲರಿಗೆ ಕೊಡಲು ಮುಂದಾಯಿತು.

ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದದಂತೆ 2005ರಲ್ಲಿ ಔಷಧಕ್ಕೇ ಪೇಟೆಂಟ್ ಕೊಡುವ ಪದ್ಧತಿ ಮರಳಿತು. ಸಂಶೋಧನೆಗೆ ಹಾಕಿದ ಹಣ ಹುಟ್ಟದಿದ್ದರೆ ಹೊಸ ಔಷಧ ಹುಡುಕುವವರಾರು ಎಂಬ ಕಂಪನಿಗಳ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ಕಾಯಿದೆಯಲ್ಲಿ ಎರಡು ಅಂಕುಶಗಳು ಉಳಿದವು. ಒಂದು, ಕಡ್ಡಾಯ ಪರವಾನಗಿ: ತಿಂಗಳಿಗೆ ಸುಮಾರು 2,80,000 ರೂಪಾಯಿಯ ಬಾಯರ್ ಕಂಪನಿಯ ಕ್ಯಾನ್ಸರ್ ಔಷಧವನ್ನು ತಯಾರಿಸಿ 8,800 ರೂಪಾಯಿಗೆ ಮಾರಲು ಹೈದರಾಬಾದಿನ ನ್ಯಾಟ್ಕೋಗೆ 2012ರಲ್ಲಿ ಅನುಮತಿ ದೊರೆಯಿತು. ಇನ್ನೊಂದು, ಗುಣ ಹೆಚ್ಚದೆ ರೂಪವಷ್ಟೇ ಬದಲಾದ ಔಷಧಕ್ಕೆ ಹೊಸ ಪೇಟೆಂಟ್ ಇಲ್ಲವೆಂಬ ಕಲಮು. ಇದರನ್ವಯ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿತು.

ಇಂಥ ಕಲಮುಗಳ ಚರ್ಚೆ ವಕೀಲರಿಗೂ ವ್ಯಾಪಾರಿಗಳಿಗೂ ಮಾತ್ರ ಸೇರಿದ್ದೆಂದು ನಾವು ಸುಮ್ಮನಿರಲಾಗದು. ಮನೆಯಲ್ಲೊಬ್ಬರು ಹಾಸಿಗೆ ಹಿಡಿದಾಗ, ಚಿಕಿತ್ಸೆ ಕೈಗೆಟುಕುವುದೋ ಇಲ್ಲವೋ ಎಂಬುದು ಅವುಗಳನ್ನೂ ಅವಲಂಬಿಸಿರುತ್ತದೆ.