ಕಣ ಮತ್ತು ಕೊಳಗ: ರಾಗಿಸೀಮೆಯ ಅಧಿಕಾರ ಚರಿತ್ರೆ

ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರಗಳನ್ನು ಒಳಗೊಂಡ ಪ್ರದೇಶವು ರಾಗಿಯ ಸೀಮೆ. ಇದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆಗಳಿಂದ, ಪಾಳೆಯಗಾರರಿಂದ ಆರಂಭಿಸುತ್ತಾರೆ. ಆದರೆ ಸಾಮಾನ್ಯ ಒಕ್ಕಲಿಗೆ ಅಧಿಕಾರವು ಎದುರಾಗುತ್ತಿದ್ದುದು ಊರಂಚಿನ ಕಣದಲ್ಲಿ. ಅದು ಕೈಯಲ್ಲಿ ಹಿಡಿದಿರುತ್ತಿದ್ದುದು ಕೊಳಗವನ್ನು.

ಕಣವೆಂಬುದು ಬರಿಯ ಬಯಲಲ್ಲ. ನೆಲವನ್ನು ಕೆರೆದು, ನೀರು ಚಿಮುಕಿಸಿ, ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ ರೂಪಿಸಿದ ಸ್ಥಳ. ಅದರ ನಡುವೆ ನೆಡುತ್ತಿದ್ದ ಕಂಬಕ್ಕೆ ‘ಮೇಟಿ’ ಎಂದು ಹೆಸರು. ಇದೇ ಪದಕ್ಕೆ ಮುಖ್ಯಸ್ಥ, ಹಿರಿಯ ಎಂಬ ಅರ್ಥವೂ ಇರುವುದು ಗಮನಾರ್ಹ. ಚಪ್ಪಲಿ ಮೆಟ್ಟಿ ಕಣವನ್ನು ತುಳಿಯುವಂತಿರಲಿಲ್ಲ. ರಾಶಿಗೆ ಸಗಣಿಯ ಬೆನಕನನ್ನಿಟ್ಟು, ಗರಿಕೆ ಸಿಕ್ಕಿಸಿ ಪೂಜಿಸಿದ ಮೇಲೆಯೇ ಅಳತೆ ಆರಂಭವಾಗುತ್ತಿತ್ತು. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವುದು ರೂಢಿ.

ಈ ಅಳತೆಯ ಪ್ರಾಚೀನತೆಗೆ ಶಾಸನಗಳು ಸಾಕ್ಷಿಯಾಗಿವೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ ತಾಲ್ಲೂಕಿನ ಶಾಸನಗಳೂ ಸೇರಿವೆ. ಕನ್ನಡ ನಾಡಿನ ದತ್ತಿಶಾಸನಗಳಲ್ಲಿ, ದೇಗುಲಕ್ಕಾಗಲಿ ಬಸದಿಗಾಗಲಿ ಬಿಟ್ಟ ಭೂಮಿಯನ್ನು ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಬೆದ್ದಲು ಎಂದು ಬಿತ್ತನೆಯ ಪ್ರಮಾಣದಿಂದ ಹೇಳುವುದುಂಟು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ವ್ಯಾಪಕವಾಗಿತ್ತು. ಆದರೆ ಕೊಳಗದ ಗಾತ್ರ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತಿತ್ತು. ಬಾಯಿಯ ಮಟ್ಟಕ್ಕೆ ಸವರಿ ಅಳೆಯುವುದಕ್ಕೂ ಮೇಲೆ ಶಿಖರವಾಗುವಂತೆ ತುಂಬಿ ಅಳೆಯುವುದಕ್ಕೂ ಇರುವ ಅಂತರವು ನೂರು ಕೊಳಗವಾಗುವಷ್ಟರಲ್ಲಿ ಒಂದು ಸಂಸಾರದ ಹಲವು ದಿನಗಳ ಹಿಟ್ಟಾಗುತ್ತದೆ. ಆದ್ದರಿಂದ ಯಾರ ಕೊಳಗ, ಯಾರ ಕೈ ಎಂಬುದೇ ಕಣದ ರಾಜಕಾರಣವಾಗಿತ್ತು.

1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ರಾಶಿಯು ಹಂಚಿಕೆಯಾಗುತ್ತಿದ್ದ ಕ್ರಮವನ್ನು ವಿವರವಾಗಿ ದಾಖಲಿಸಿದ್ದಾನೆ. ದೇವರು, ಜೋಯಿಸ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಮೊದಲಾದವರ ಪಾಲು ಕಳೆದ ಬಳಿಕ ಉಳಿದುದನ್ನು ಸರ್ಕಾರವೂ ರೈತನೂ ಹಂಚಿಕೊಳ್ಳುತ್ತಿದ್ದರು. ಬಟಾಯಿ ಎಂಬ ಈ ಪದ್ಧತಿ ಮುಖ್ಯವಾಗಿ ನೀರಾವರಿಯ ಫಸಲಿಗೆ ಸಂಬಂಧಿಸಿದುದು. ಬೆದ್ದಲಿಗೆ ಹಣದ ಕಂದಾಯವಿದ್ದ ಕಡೆಯೂ ಆಯಗಾರರ ಪಾಲು ಸಲ್ಲುತ್ತಿದ್ದುದು ಕಣದಲ್ಲಿಯೇ. ಹೀಗೆ ಕಣವು ದುಡಿಮೆಗೆ ಹಕ್ಕನ್ನೂ ಹುಟ್ಟಿಗೆ ಅಂತಸ್ತನ್ನೂ ಒಂದೇ ಕೊಳಗದಿಂದ ಅಳೆಯುತ್ತಿತ್ತು. ರಾಶಿಯ ಅಡಿಯಲ್ಲಿ ಉಳಿದ, ಮಣ್ಣು ಬೆರೆತ ಕಾಳು ಹಲವೆಡೆ ಕೆಳಗಿನ ಚಾಕರಿಯವರ ಪಾಲಾಗುತ್ತಿತ್ತು. ಅವರ ಸ್ಥಾನವನ್ನು ಯಾವ ಶಾಸನವೂ ಬರೆದು ಹೇಳಬೇಕಿರಲಿಲ್ಲ.

ಈ ವ್ಯವಸ್ಥೆ ಹಂತಹಂತವಾಗಿ ಕಳಚಿತು. ಕಮಿಷನರರ ಆಳ್ವಿಕೆಯಲ್ಲಿ (1831–1881) ಬಟಾಯಿಯ ಬದಲಿಗೆ ಹಣದ ಕಂದಾಯ ಹಬ್ಬಿತು. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಮೆಟ್ರಿಕ್ ಪದ್ಧತಿಯನ್ನು ತಂದು ಕೊಳಗದ ಅಧಿಕೃತ ಮಾನ್ಯತೆಯನ್ನು ಕಿತ್ತುಕೊಂಡಿತು. 1961ರ ಗ್ರಾಮಹುದ್ದೆಗಳ ರದ್ದಿಯಾತಿ ಕಾಯ್ದೆಯಿಂದ ಪಟೇಲ, ಶಾನುಭೋಗ, ತೋಟಿ, ತಳವಾರರ ವಂಶಪಾರಂಪರ್ಯ ಹುದ್ದೆಗಳು ಹೋದವು. 1974ರ ಭೂಸುಧಾರಣೆಯ ಬಳಿಕ ವಾರಕ್ಕೆ ಉಳುತ್ತಿದ್ದವನ ಕಣಕ್ಕೆ ಒಡೆಯನು ಕೊಳಗ ಹಿಡಿದು ಬರುವ ಹಕ್ಕು ಕಾನೂನಿನಲ್ಲಿ ಉಳಿಯಲಿಲ್ಲ.

ಆ ಕಾಲದ ಬಳಕೆಯ ವಸ್ತುಗಳನ್ನು ಇಂದು ನೋಡಬೇಕಾದರೆ ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋಗಬೇಕು. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಜಿಲ್ಲಾಧಿಕಾರಿಯಾಗಿ ಆಡಳಿತದ ಒಳಹೊರಗನ್ನು ಬಲ್ಲವರು. ಹೊರಗೆ ಹಳ್ಳಿಗಳಲ್ಲಿ ಊರಕಣಗಳು ಅಳಿದು, ರೈತರು ಡಾಂಬರು ರಸ್ತೆಯ ಮೇಲೆ ರಾಗಿಯನ್ನು ಹರಡಿ ವಾಹನಗಳ ಚಕ್ರದಡಿ ಒಕ್ಕಣೆ ಮಾಡುತ್ತಾರೆ. ತಕ್ಕಡಿಗೆ ಈಗ ಜಾತಿಯಿಲ್ಲ. ಆದರೆ ಎಲ್ಲರೂ ಕೂಡುವ ಕಣವೂ ಇಲ್ಲ.

ಈ ನಷ್ಟವನ್ನು ನೆನೆದು ಮರುಗುವುದು ಸುಲಭ. ಆದರೆ ಕೊಳಗದ ಕುಸುರಿಯನ್ನೂ ‘ಲಾಭ’ವೆಂಬ ಎಣಿಕೆಯ ಸೊಗಸನ್ನೂ ವರ್ಣಿಸುವ ಅಧ್ಯಯನವು, ಅಳೆಯುವವನ ಎದುರು ಕೈಕಟ್ಟಿ ನಿಂತವರನ್ನು ಮರೆತರೆ ಅರ್ಧ ಚರಿತ್ರೆಯಾಗುತ್ತದೆ. ಶಾಸನದ ಕಲ್ಲಿನಂತೆ ಕೊಳಗವೂ ಒಂದು ದಾಖಲೆ. ಕಲ್ಲು ಕೊಟ್ಟವರ ಹೆಸರನ್ನು ಹೇಳುತ್ತದೆ. ಕೊನೆಯಲ್ಲಿ ಪಡೆದವರ ಹೆಸರನ್ನು ಕೊಳಗದಿಂದ, ಕಣದಿಂದ ಹುಡುಕಿ ತೆಗೆಯಬೇಕಾಗಿದೆ.