ಇಲ್ಲದ ಕೈಯ ನೋವು

ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಸೈನ್ಯದೊಡನೆ ಸಂಚರಿಸುತ್ತಿದ್ದ ಪಾರೆ ಎಂಬ ಶಸ್ತ್ರವೈದ್ಯನು ಒಂದು ವಿಚಿತ್ರವನ್ನು ಬರೆದಿಟ್ಟಿರುವನು. ಕೈಕಾಲುಗಳನ್ನು ಕತ್ತರಿಸಿ ಬಹುಕಾಲ ಕಳೆದ ಮೇಲೂ ಗಾಯಾಳುಗಳು ಆ ಇಲ್ಲದ ಅಂಗದಲ್ಲಿಯೇ ನೋವೆಂದು ಗೋಳಿಡುತ್ತಿದ್ದರಂತೆ. ಇಂತಹ ಮಾತನ್ನು ನಂಬುವುದು ಕೇಳಿದವರಿಗೆ ಸುಲಭವಾಗಿರಲಿಲ್ಲ. ಅಮೇರಿಕದ ಅಂತರ್ಯುದ್ಧದ ಸಿಪಾಯಿಗಳನ್ನು ಉಪಚರಿಸಿದ ವೀರ್ ಮಿಚೆಲ್ಲನು ಕೂಡ 1866ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದ್ದು ವೈದ್ಯಪತ್ರಿಕೆಯಲ್ಲಲ್ಲ. ಸಾಹಿತ್ಯದ ಮಾಸಪತ್ರಿಕೆಯೊಂದರಲ್ಲಿ, ಹೆಸರು ಹಾಕದೆ, ಕಥೆಯ ರೂಪದಲ್ಲಿ. ಓದಿದ ಕೆಲವರು ಅದನ್ನು ನಿಜವೆಂದೇ ಬಗೆದು ಕಥಾನಾಯಕನಿಗಾಗಿ ಹಣ ಕೂಡಿಸಿದರು! 1871ರಲ್ಲಿ ಮಿಚೆಲ್ಲನು ಇದನ್ನು ಅಂಗದ ಭೂತವೆಂಬರ್ಥದ ಹೆಸರಿನಿಂದ ಕರೆದನು.

ನೋವಿನ ಬೇರು ಮೊಂಡಾದ ತೋಳಿನ ನರಗಳಲ್ಲಿದೆಯೆಂದು ತಿಳಿದು, ಉಳಿದುದನ್ನೂ ಮತ್ತಷ್ಟು ಕತ್ತರಿಸಿದ ಶಸ್ತ್ರವೈದ್ಯರುಂಟು. ತೋಳು ಗಿಡ್ಡವಾಯಿತು, ಎಷ್ಟೋ ಜನರಿಗೆ ನೋವು ಉಳಿದೇ ಉಳಿಯಿತು.

ಬೇರನ್ನು ಮಿದುಳಿನಲ್ಲಿ ಹುಡುಕಿದವರಲ್ಲಿ ಮದರಾಸಿನ ಸ್ಟ್ಯಾನ್ಲಿ ಕಾಲೇಜಿನಲ್ಲಿ ವೈದ್ಯವನ್ನೋದಿ ಕ್ಯಾಲಿಫೋರ್ನಿಯದಲ್ಲಿ ಪ್ರಾಧ್ಯಾಪಕರಾದ ವಿ. ಎಸ್. ರಾಮಚಂದ್ರನ್ನರು ಮುಖ್ಯರು. ಮಿದುಳು ಕೈಗೆ ಚಲಿಸೆಂದು ಅಪ್ಪಣೆ ಕೊಡುವುದು. ಚಲಿಸಿತೆಂಬ ವಾರ್ತೆ ಮರಳಿ ಬಾರದು. ಬಿಗಿದ ಮುಷ್ಟಿ ಬಿಚ್ಚದೆ, ಇಲ್ಲದ ಉಗುರುಗಳು ಇಲ್ಲದ ಅಂಗೈಯನ್ನು ಒತ್ತಿದಂತೆ ಭಾಸವಾಗುವುದು. ಹಾಗಾದರೆ ಕಣ್ಣಿನಿಂದಲೇ ಆ ವಾರ್ತೆಯನ್ನು ಕಳುಹಬಾರದೇಕೆ? ಮೇಲ್ಮುಚ್ಚಳ ತೆಗೆದ ಪೆಟ್ಟಿಗೆಯ ನಡುವೆ ಕನ್ನಡಿಯನ್ನು ನಿಲ್ಲಿಸಿ, ಒಂದು ಬದಿಗೆ ಇದ್ದ ಕೈಯನ್ನಿರಿಸಿ, ಅದರ ಪ್ರತಿಬಿಂಬವು ಇಲ್ಲದ ಕೈಯ ಸ್ಥಾನದಲ್ಲಿ ಕಾಣುವಂತೆ ಅವರು ಮಾಡಿದರು. ಮುಷ್ಟಿ ಬಿಚ್ಚಿದೊಡನೆ ಆ ಕೈಯೂ ಬಿಚ್ಚಿದಂತಾಯಿತು. ತೋಳು ಕಳೆದುಕೊಂಡ ಹತ್ತು ಮಂದಿಯ ವೃತ್ತಾಂತವು 1996ರಲ್ಲಿ ಅಚ್ಚಾಯಿತು. ಸೆಡೆತವಿದ್ದ ಐವರಲ್ಲಿ ನಾಲ್ವರಿಗೆ ತತ್‌ಕ್ಷಣವೇ ಬಿಡುಗಡೆ ದೊರೆತಿದ್ದಿತು.

1999ರಲ್ಲಿ ಇದೇ ಉಪಾಯವನ್ನು ಪಾರ್ಶ್ವವಾಯುವಿನ ಒಂಬತ್ತು ರೋಗಿಗಳಲ್ಲಿ ಪರೀಕ್ಷಿಸಿದರು. 2007ರಲ್ಲಿ ಅಮೇರಿಕದ ಸೈನಿಕ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರು ದಿನಕ್ಕೆ 15 ನಿಮಿಷದಂತೆ ನಾಲ್ಕು ವಾರ ಅಭ್ಯಾಸಮಾಡಲು, ಕನ್ನಡಿ ನೋಡಿದ ಆರು ಮಂದಿಗೂ ನೋವು ಇಳಿಯಿತು. ಕನ್ನಡಿಗೆ ಬಟ್ಟೆ ಮುಚ್ಚಿದ್ದ ಆರು ಮಂದಿಯಲ್ಲಿ ಒಬ್ಬನಿಗೆ ಮಾತ್ರ. ಇದರಿಂದ ಹಿಗ್ಗಬೇಕಾಗಿಲ್ಲ. ಸಂಖ್ಯೆ ಸಣ್ಣದು, ಅನಂತರದ ಪರೀಕ್ಷೆಗಳೆಲ್ಲ ಒಂದೇ ಮಾತನ್ನಾಡಿಲ್ಲ. ಪಾರ್ಶ್ವವಾಯುವಿನಲ್ಲಿ ಕೈಕಾಲುಗಳ ಚಲನೆ ಸುಧಾರಿಸುವುದೆಂಬುದಕ್ಕೆ ಮಾತ್ರ ಆಧಾರವು ಹೆಚ್ಚು ಗಟ್ಟಿಯಾಗಿದೆ.

ಆದರೂ ವರದಾತೀರದ ಹೊಸರಿತ್ತಿಯಂತಹ ಊರಿಗೆ ಇದು ದೂರದ ವಿದ್ಯೆಯಲ್ಲ. ರಾಶಿಯ ಯಂತ್ರಕ್ಕೆ ಕೈ ಸಿಕ್ಕವನಾಗಲಿ, ಲಕ್ವ ಹೊಡೆದ ಹಿರಿಯರಾಗಲಿ ಆಸ್ಪತ್ರೆಯಲ್ಲಿ ಒಮ್ಮೆ ಕ್ರಮವನ್ನು ಕಲಿತರೆ ಉಳಿದ ಅಭ್ಯಾಸವು ಮನೆಯಲ್ಲಿಯೇ ನಡೆಯಬಲ್ಲುದು. ಮೊದಲ ದಿನ ಕೆಲವರಿಗೆ ತಲೆ ತಿರುಗುವುದು, ಕೆಲವರಿಗೆ ಕಣ್ಣೀರು ಬರುವುದು, ಬಳಿಯಲ್ಲಿ ಒಬ್ಬರಿರಬೇಕು. ಗೋಡೆಯ ಕನ್ನಡಿಯೇ ಸಾಕು. ಇದ್ದ ಕೈಯ ಉಂಗುರವನ್ನೋ ಬಳೆಯನ್ನೋ ಮೊದಲು ತೆಗೆದಿಡಬೇಕು. ಇಲ್ಲವಾದರೆ ಎದುರಿಗೆ ಕಾಣುವ ಕೈ ತನ್ನದೆಂದು ಮಿದುಳು ಒಪ್ಪಲಾರದು.