ನಿಘಂಟಿನೊಳಗಿನ ಬೀಜಗಣಿತ

ಮಂಗಳೂರಿನ ಬಲ್ಮಠವೆಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವುದು ಬಾಸೆಲ್ ಮಿಶನ್ನಿನ ಅಚ್ಚುಕೂಟ. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ 1841ರಲ್ಲಿ ಅದನ್ನು ತೆರೆಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಅಲ್ಲಿಂದ ಹೊರಟಿತು. 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಬೆಳಕು ಕಂಡಿತು. ಸುಮಾರು 70,000 ಶಬ್ದಗಳ ಆ ಮಹಾಗ್ರಂಥವನ್ನು ಭಾಷಾಶಾಸ್ತ್ರದ ಕಣ್ಣಿನಿಂದ ನೋಡಿದವರು ಅನೇಕರು. ಬೀಜಗಣಿತದ ಕಣ್ಣಿನಿಂದಲೂ ಒಮ್ಮೆ ನೋಡಬಹುದು.

ಗಣಿತದಲ್ಲಿ ‘ಸಂಬಂಧ’ವೆಂದರೆ ಎರಡು ಗಣಗಳ ಅಂಶಗಳನ್ನು ಜೋಡಿಜೋಡಿಯಾಗಿ ಹೊಂದಿಸುವುದು. ಒಂದೆಡೆ ಶಬ್ದಗಳು, ಇನ್ನೊಂದೆಡೆ ಅರ್ಥಗಳು; ನಿಘಂಟು ಅಂಥದೊಂದು ಸಂಬಂಧ. ‘ಆರು’ ಎಂಬುದು ಐದರ ಮುಂದಿನ ಸಂಖ್ಯೆ. ದೀಪ ನಂದುವುದೂ ಆರುವುದೇ. ‘ಏಳು’ ಎಣಿಕೆಯೂ ಹೌದು, ಮಲಗಿದವರನ್ನು ಎಬ್ಬಿಸುವ ಮಾತೂ ಹೌದು. ಒಂದು ಶಬ್ದಕ್ಕೆ ಎರಡು ಅರ್ಥಗಳಿದ್ದರೂ ಸಂಬಂಧಕ್ಕೆ ಲೋಪವಿಲ್ಲ.

‘ಫಲನ’ದ ನಿಯಮ ಕಟ್ಟುನಿಟ್ಟಾದದ್ದು. ಮೊದಲ ಗಣದ ಪ್ರತಿಯೊಂದು ಅಂಶಕ್ಕೂ ಎರಡನೆಯದರಲ್ಲಿ ಒಂದೇ ಒಂದು ಜೊತೆ ಇರಬೇಕು. ಇದಕ್ಕೂ ನಿಘಂಟಿನಲ್ಲೇ ನಿದರ್ಶನವುಂಟು. ಪ್ರತಿಯೊಂದು ನಮೂದೂ ಆರಂಭವಾಗುವ ಪುಟ ಒಂದೇ. ಆದುದರಿಂದ ನಮೂದಿನಿಂದ ಪುಟಸಂಖ್ಯೆಗೆ ಹೋಗುವ ದಾರಿ ಫಲನ. ಹಲವು ನಮೂದುಗಳು ಒಂದೇ ಪುಟವನ್ನು ಹಂಚಿಕೊಂಡರೂ ಬಾಧಕವಿಲ್ಲ. ಪುಟದಿಂದ ನಮೂದಿಗೆ ಹಿಂದಿರುಗಲು ಹೊರಟರೆ ಮಾತ್ರ ಉತ್ತರಗಳು ಹಲವಾಗಿ, ಫಲನ ಉಳಿಯದು.

ಈ ವ್ಯಾಖ್ಯೆ ತಿಳಿಯಾಗಲು ಕಾಲ ಹಿಡಿಯಿತು. 17ನೆಯ ಶತಮಾನದಲ್ಲಿ ಲೈಬ್ನಿಟ್ಸ್ ಇದರ ಹೆಸರನ್ನು ಬಳಕೆಗೆ ತಂದನು. ಬಹುಕಾಲ ಫಲನವೆಂದರೆ ಒಂದು ಸೂತ್ರವೆಂದೇ ಭಾವಿಸಲಾಗಿತ್ತು. ಇಡೀ ವ್ಯಾಪ್ತಿಗೆ ಒಂದೇ ಸೂತ್ರ ಬೇಕಿಲ್ಲ, ಪ್ರತಿಯೊಂದಕ್ಕೂ ಒಂದೇ ಬೆಲೆ ನಿಶ್ಚಿತವಾಗಿದ್ದರೆ ಸಾಕೆಂದು 1837ರಲ್ಲಿ ಡಿರಿಕ್ಲೆ ಹೇಳಿದನು.

ಹೆಸರು ಹೊಸದಾದರೂ ಇದರ ಬಳಕೆ ನಮ್ಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕವಿದೆ, 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ವನ್ನು ರಚಿಸಿದನು. ಪ್ರಮಾಣ, ಫಲ, ಇಚ್ಛೆ ಈ ಮೂರು ತಿಳಿದರೆ ನಾಲ್ಕನೆಯದು ತಾನಾಗಿ ಗೊತ್ತಾಗುತ್ತದೆ. ಮೂರು ಸೇರು ಅಕ್ಕಿಗೆ ಆರು ಹಣವಾದರೆ ಐದು ಸೇರಿಗೆ ಹತ್ತೇ ಹಣ. ಅದೇ ಅಂಗಡಿಯಲ್ಲಿ ಅದೇ ಐದು ಸೇರಿಗೆ ಬಲ್ಲಿದನಿಗೊಂದು ಬೆಲೆ, ಬಡವನಿಗೊಂದು ಬೆಲೆಯಾದರೆ ಫಲನವೂ ಕೆಟ್ಟಿತು, ನ್ಯಾಯವೂ ಕೆಟ್ಟಿತು.

ಫಲನವೆಂದರೆ ಬೆದರುವ ವಿದ್ಯಾರ್ಥಿಯ ಮುಂದೆ ಸೂತ್ರಕ್ಕೆ ಮೊದಲು ನಿಘಂಟನ್ನಿಟ್ಟು ಎರಡು ಪ್ರಶ್ನೆ ಕೇಳುವುದು ಲೇಸು: ಈ ಶಬ್ದಕ್ಕೆ ಅರ್ಥಗಳೆಷ್ಟು? ಈ ನಮೂದು ಯಾವ ಪುಟದಲ್ಲಿ ಆರಂಭವಾಗುತ್ತದೆ?